ಮ್ಯಾನೇಜರ್‌ನ ಮಣ್ಣು

ಶುಕ್ರವಾರ, ಮಧ್ಯಾಹ್ನ
ಪ್ರಾಣಿಗಳ ಆಸ್ಪತ್ರೆ, ಹೊರಗಿನ ಬೆಂಚು

ಇವರೇ,

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಕೈ ಮುಂದಕ್ಕೆ ಓಡುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಈ ವಾರ ನಾನು ಕಳೆದುಕೊಂಡದ್ದು ಇಷ್ಟು: ಕರಿ ಕೋಟು ಹೇಳಿದ ದಿನ ಸಿಗಲಿಲ್ಲವೆಂದು ಮುನಿಸಿಕೊಂಡು ಎದುರು ಬೀದಿಯ ಲಾಂಡ್ರಿಗೆ ಹೋದ ವಕೀಲರು, ಎಷ್ಟೋ ವರ್ಷದ ಗಿರಾಕಿ. ಒಂದು ಹಳೆಯ ಬಟ್ಟೆ. ಯಾರ ಮುಂದೆಯೂ ಅಳದವಳು ಎಂಬ ಹೆಸರು. ಮತ್ತೆ ಆಸ್ಪತ್ರೆಯ ಬಿಲ್ಲು. ಅದು ನನ್ನ ಪಾಲಿನದು, ಅದರಲ್ಲಿ ನಿಮ್ಮಿಂದ ಅರ್ಧ ಕೇಳುವುದಿಲ್ಲ. ಗಳಿಸಿದ್ದು ಏನು ಎಂಬುದು ಸಂಜೆಯೊಳಗೆ ಗೊತ್ತಾಗುತ್ತದೆ. ಏನೂ ಇಲ್ಲದೆಯೂ ಇರಬಹುದು.

ಬೆಕ್ಕಿನ ಬುಟ್ಟಿ ಖಾಲಿ ಇದೆ ಎಂದು ಎದೆ ಒಡೆದುಕೊಳ್ಳಬೇಡಿ. ನಿಮ್ಮ ಅಕ್ಕ ಬುಟ್ಟಿ ಕೆಳಗಿಡುವ ಮುಂಚೆಯೇ ಬಾಯಿ ತೆಗೆಯುತ್ತಾರೆ, ತೆಗೆಯಲು ಬಿಡಬೇಡಿ. ಮ್ಯಾನೇಜರ್ ಬದುಕಿದ್ದಾನೆ. ಈ ಸಾಲು ಬರೆಯುವ ಹೊತ್ತಿಗೆ ಬದುಕಿದ್ದಾನೆ. ಒಳಗೆ ಉಚ್ಚೆ ಹೋಗುವ ದಾರಿಗೆ ಸಣ್ಣ ಕೊಳವೆ ಹಾಕಿ ಮಲಗಿಸಿದ್ದಾರೆ. ಊಟದ ಹೊತ್ತು ಕಳೆದ ಮೇಲೆ ಕೊಳವೆ ತೆಗೆಯುತ್ತಾರಂತೆ. ಆಮೇಲೆ ಅವನು ತಾನಾಗಿಯೇ ಉಚ್ಚೆ ಹೊಯ್ದರೆ ಗೆದ್ದ. ಇಲ್ಲದಿದ್ದರೆ ಮತ್ತೆ ಕಟ್ಟಿಕೊಳ್ಳುತ್ತದೆ, ಆಪರೇಷನ್ ಆಗಬೇಕು, ಈಗಿರುವ ನಿತ್ರಾಣದಲ್ಲಿ ಅವನು ಅದನ್ನು ತಡೆಯುತ್ತಾನೋ ಇಲ್ಲವೋ ಎಂದು ಡಾಕ್ಟರಮ್ಮ ಬಾಯಿಬಿಟ್ಟು ಹೇಳಲಿಲ್ಲ. ನನ್ನ ಭುಜ ಮುಟ್ಟಿ ಒಳಗೆ ಹೋದರು. ಬೈಯುವ ಡಾಕ್ಟರು ಭುಜ ಮುಟ್ಟಿದರೆ ಏನರ್ಥ ಎಂದು ಯೋಚಿಸುತ್ತ ಈ ಬೆಂಚಿನ ಮೇಲೆ ಕೂತಿದ್ದೇನೆ.

ಫಲಿತಾಂಶ ತಿಳಿಯುವ ಮೊದಲೇ ಬರೆಯುವುದಕ್ಕೆ ಕಾರಣವಿದೆ. ಅವನು ಉಳಿದ ಎಂದು ಗೊತ್ತಾದ ಮರುಗಳಿಗೆ ನನ್ನ ನಾಲಿಗೆ ಚೌಕಾಸಿಗೆ ಇಳಿಯುತ್ತದೆ. ಅದರ ಗುಣ ನನಗೆ ಗೊತ್ತು. ಅದಕ್ಕೇ ಅದು ಹೆದರಿ ಸುಮ್ಮನಿರುವಾಗಲೇ ಹೇಳಬೇಕಾದದ್ದನ್ನು ಕಾಗದಕ್ಕೆ ಇಳಿಸಿ ಅಕ್ಕನ ಕೈಗೆ ಕೊಡುತ್ತೇನೆ. ಅಕ್ಕ ಪಕ್ಕದಲ್ಲೇ ಕೂತಿದ್ದಾರೆ. ನಾಯಿ ಹಿಡಿದುಕೊಂಡು ಬಂದ ಒಬ್ಬರಿಗೆ ನಮ್ಮ ಸಂಸಾರದ ಕಥೆ ಪೂರ್ತಿ ಹೇಳಿ ಮುಗಿಸಿ, ಈಗ ಆ ನಾಯಿಯ ಸಂಸಾರ ವಿಚಾರಿಸುತ್ತಿದ್ದಾರೆ.

ನಿಮಗೆ ಫೋನ್ ಮಾಡಬಾರದಿತ್ತೇ ಎಂದು ಕೇಳುತ್ತೀರಿ. ಮಾಡಿದೆ. ಬುಧವಾರ ಬೆಳಿಗ್ಗೆ ಪ್ರೆಸ್ಸಿಗೇ ಮಾಡಿದೆ. ಹಿಂದೆ ಮಿಷನ್ನು ಧಡಧಡ ಅನ್ನುತ್ತಿತ್ತು. ನಾನು "ಇವರೇ, ಒಂದ್ನಿಮಿಷ" ಅಂದೆ. ನೀವು "ಏನಿದ್ರೂ ಬುಟ್ಟೀಲಿ ಬರೆದು ಕಳ್ಸು" ಅಂತ ಇಟ್ಟುಬಿಟ್ಟಿರಿ. ನಿಮ್ಮ ತಪ್ಪಲ್ಲ. ಫೋನು ಬೇಡ, ಮಾತು ಬೇಡ, ಹೇಳುವುದಿದ್ದರೆ ಬೆಕ್ಕಿನ ಬುಟ್ಟಿಯಲ್ಲಿ ಚೀಟಿ ಇಡುವುದು ಎಂದು ನಾವಿಬ್ಬರೂ ಸೇರಿ ಮಾಡಿಕೊಂಡ ಕಾನೂನು. ಅದನ್ನು ನಲ್ಲಿ ರಿಪೇರಿಯವನ ನಂಬರು, ಬೀರುವಿನ ಕೀಲಿ ಎಂದು ಇಲ್ಲದ ನೆಪ ಹುಡುಕಿ ಮುರಿದವಳು ನಾನೇ. ಇದೂ ಅಂಥದ್ದೇ ಒಂದು ಅಂದುಕೊಂಡಿರಿ. ಇನ್ನೊಂದು ಸಲ ಮಾಡಬಹುದಿತ್ತು. ಮಾಡಲಿಲ್ಲ. ನನ್ನ ತಿಂಗಳಲ್ಲಿ ಅವನಿಗೆ ಹೀಗಾಯಿತು ಎಂದು ನಿಮ್ಮ ಬಾಯಿಂದ ಕೇಳುವ ಧೈರ್ಯ ಇರಲಿಲ್ಲ.

ಅವನು ಬಂದ ದಿನ ನಿಮಗೆ ನೆನಪಿದೆಯಲ್ಲ? ಲಾಡ್ಜಿನಿಂದ ಬಂದ ಬೆಡ್‌ಶೀಟಿನ ಗಂಟು ಬಿಚ್ಚಿದರೆ ಒಳಗೆ ಅಂಗೈ ಅಗಲದ ಮರಿ, ಕಣ್ಣು ಸಹ ಸರಿಯಾಗಿ ಬಿಟ್ಟಿರಲಿಲ್ಲ. ಗಂಟಿನ ಚೀಟಿಯಲ್ಲಿ ಇಷ್ಟು ಶೀಟು, ಇಷ್ಟು ದಿಂಬಿನ ಚೀಲ ಎಂದಿತ್ತು, ಬೆಕ್ಕು ಎಂದು ಇರಲಿಲ್ಲ. ನಾನು ವಾಪಸ್ ಕಳಿಸೋಣ ಅಂದೆ. ನೀವು "ಚೀಟೀಲಿ ಇಲ್ಲದ್ದು ನಮ್ದೇ ಕಣೇ" ಅಂತ ಅಂಗಿಯ ಜೇಬಿಗೆ ಇಳಿಸಿಕೊಂಡಿರಿ. ತಿಂಗಳೊಳಗೆ ಕೌಂಟರಿನ ಮೇಲೆ ಕೂತು, ಬಂದ ಗಿರಾಕಿಯನ್ನು ಮೇಲಿಂದ ಕೆಳಗೆ ನೋಡಿ, ರಸೀದಿಯ ಮೇಲೆ ಕಾಲಿಟ್ಟು ಕೂರುವುದಕ್ಕೆ ಶುರುಮಾಡಿದ. ಮ್ಯಾನೇಜರ್ ಎಂಬ ಹೆಸರನ್ನು ಗಿರಾಕಿಗಳೇ ಇಟ್ಟರು. ನಾವು ಬೇರೆಯಾದಾಗ ಪಾತ್ರೆ, ಮಂಚ, ಬೀರು ಎಲ್ಲವನ್ನೂ ಒಂದೇ ಮಧ್ಯಾಹ್ನದಲ್ಲಿ ತಕರಾರಿಲ್ಲದೆ ಹಂಚಿಕೊಂಡೆವು. ಅವನೊಬ್ಬನೇ ಹಂಚಲಾಗದೆ ಉಳಿದ. ಒಂದು ತಿಂಗಳು ನಿಮಗೆ, ಒಂದು ತಿಂಗಳು ನನಗೆ, ನಡುವೆ ಬುಟ್ಟಿ ಹೊರಲು ಅಕ್ಕ. ಎಂಥ ನ್ಯಾಯವಾದ ಏರ್ಪಾಡು ಎಂದು ನಾನು ಹತ್ತು ಜನರ ಮುಂದೆ ಹೇಳಿಕೊಂಡಿದ್ದೆ. ಅವನನ್ನು ಮಾತ್ರ ಯಾರೂ ಕೇಳಲಿಲ್ಲ.

ಈಗ ಮಣ್ಣಿನ ವಿಷಯಕ್ಕೆ ಬರುತ್ತೇನೆ. ಎಲ್ಲವೂ ಅಲ್ಲೇ ಇದೆ.

ನಿಮ್ಮ ಮನೆಯಲ್ಲಿ ಅವನು ಉಚ್ಚೆ ಹೊಯ್ಯುವ ಟಬ್ಬಿಗೆ ನೀವು ಹಾಕುವುದು ಪ್ರೆಸ್ಸಿನಲ್ಲಿ ಪುಸ್ತಕದ ಅಂಚು ಕತ್ತರಿಸಿ ಉಳಿದ ಕಾಗದದ ಎಳೆಗಳು. ಪುಕ್ಕಟೆ, ಮೆತ್ತಗೆ, ಒಳ್ಳೆಯದು ಎಂದು ನಿಮ್ಮ ವಾದ. ನನ್ನ ಮನೆಯಲ್ಲಿ ನಾನು ಹಾಕುವುದು ಬೆಕ್ಕಿನ ಟಬ್ಬಿಗೆಂದೇ ಮಾರುವ ಗುಲಾಬಿ ಪರಿಮಳದ ಮಣ್ಣು, ಅಂಗಡಿಯ ಕಪಾಟಿನಲ್ಲಿ ಎಲ್ಲಕ್ಕಿಂತ ಮೇಲಿನ ಸಾಲಿನದು. ಅಷ್ಟಕ್ಕೇ ಬಿಟ್ಟೆನೇ? ಇಲ್ಲ. ವಾರಕ್ಕೊಮ್ಮೆ ಟಬ್ಬನ್ನು ಬ್ಲೀಚಿನಲ್ಲಿ ತೊಳೆದು, ಗಿರಾಕಿಗಳ ಬಟ್ಟೆಗೆ ಕೊನೆಯಲ್ಲಿ ಹಾಕುವ ಸೆಂಟಿನ ನೀರನ್ನು ಅದಕ್ಕೂ ಎರಡು ಮುಚ್ಚಳ ಹಾಕಿ ಆರಿಸುತ್ತಿದ್ದೆ. ಯಾರದೋ ವರಾಂಡದಲ್ಲಿ ಒಂದು ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು ಶುರುಮಾಡಿ, ಇವತ್ತು ಎರಡು ದೊಡ್ಡ ಮಿಷನ್ನು ಓಡಿಸುವವಳು ನಾನು. ಪರಿಮಳ ಬಂದರೆ ಬಟ್ಟೆ ಶುಭ್ರವಾಯಿತು ಎಂದು ಜನ ನಂಬುತ್ತಾರೆ. ಆ ನಂಬಿಕೆಯ ಮೇಲೆ ನನ್ನ ಅಂಗಡಿ ನಿಂತಿದೆ. ಹೇಳಿ ಹೇಳಿ ನಾನೂ ನಂಬಿಬಿಟ್ಟಿದ್ದೆ.

ಹೋದ ಭಾನುವಾರ ಅವನ ಜೊತೆ ಬಂದ ನಿಮ್ಮ ಚೀಟಿಯಲ್ಲಿ ಬರೆದಿದ್ದಿರಿ, "ನಿನ್ನ ಮಗ ಎರಡು ಸಲ ಪ್ರೂಫ್ ಹಾಳೆಗಳ ಮೇಲೆ ಉಚ್ಚೆ ಹೊಯ್ದಿದ್ದಾನೆ. ಸೆಂಟಿನ ರುಚಿ ಹತ್ತಿಸಿದ್ದೀಯ, ಬಡವರ ಟಬ್ಬು ಹಿಡಿಸುತ್ತಿಲ್ಲ." ನಾನು ಓದಿ, ಹಲ್ಲು ಕಡಿದು, ಮುಂದಿನ ಬುಟ್ಟಿಗೆ ಏನು ಚುಚ್ಚಿ ಬರೆಯಲಿ ಎಂದು ವಾಕ್ಯ ಕಟ್ಟುತ್ತ ಕೂತೆ. ಟಬ್ಬು ಬಿಟ್ಟು ಬೇರೆಡೆ ಉಚ್ಚೆ ಹೊಯ್ಯುವುದು ಅವನು ಕೊಡುತ್ತಿದ್ದ ದೂರು ಎಂದು ನಿಮಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅವನು ಹೇಳಿದ್ದನ್ನು ನೀವು ನನ್ನನ್ನು ಬೈಯಲು ಬಳಸಿಕೊಂಡಿರಿ, ನಾನು ನಿಮ್ಮನ್ನು ಬೈಯಲು.

ಸೋಮವಾರ ಅವನ ಟಬ್ಬು ಒಣಗಿತ್ತು. ಮಂಗಳವಾರವೂ ಒಣಗಿತ್ತು. ಅವನು ಮಾತ್ರ ಹೋಗುತ್ತಿದ್ದ, ಬರುತ್ತಿದ್ದ. ಹತ್ತಿ ಕೂರುತ್ತಿದ್ದ, ಸಣ್ಣಗೆ ಕೂಗುತ್ತಿದ್ದ, ಪಂಜ ಕೊಡವಿ ಇಳಿಯುತ್ತಿದ್ದ, ಮತ್ತೆ ಹತ್ತುತ್ತಿದ್ದ. ಮಲ ಕಟ್ಟಿರಬೇಕು, ಪ್ರೆಸ್ಸಿನ ಊಟ ಹಿಡಿಸಿಲ್ಲ ಎಂದುಕೊಂಡೆ. ಇನ್ನೊಂದು ಹೇಳಬೇಕು, ನಾಚಿಕೆಯಾದರೂ. ಒಣಗಿದ ಟಬ್ಬು ನೋಡಿ ನನಗೆ ಸಂತೋಷವಾಯಿತು. ಈ ಸಲ ಚೀಲ ಜಾಸ್ತಿ ದಿನ ಬರುತ್ತದೆ ಎಂದು ಲೆಕ್ಕ ಹಾಕಿದೆ. ಅವನು ಸಾಯುತ್ತಿದ್ದ, ನಾನು ಉಳಿತಾಯ ಎಣಿಸುತ್ತಿದ್ದೆ. ಈ ವಾಕ್ಯವನ್ನು ನೀವು ಎಷ್ಟು ಸಲ ಬೇಕಾದರೂ ನನ್ನ ಮುಖಕ್ಕೆ ಎಸೆಯಬಹುದು, ಎದುರು ಮಾತಾಡುವುದಿಲ್ಲ.

ಬುಧವಾರ ಬೆಳಿಗ್ಗೆ ಇಸ್ತ್ರಿ ಮೇಜಿನ ಕೆಳಗೆ, ಗೋಡೆಗೆ ಒತ್ತಿಕೊಂಡು ಬಿದ್ದಿದ್ದ. ವಾಂತಿ ಮಾಡಿಕೊಂಡಿದ್ದ. ಎತ್ತಿದರೆ ಹೊಟ್ಟೆ ನೀರು ತುಂಬಿದ ಬಲೂನಿನ ಹಾಗೆ ಗಟ್ಟಿ. ಮುಟ್ಟಿದ ತಕ್ಷಣ ಅವನು ಹಾಕಿದ ಕೂಗನ್ನು ನಾನು ಇಲ್ಲಿ ಬರೆಯಲಾರೆ. ಇಸ್ತ್ರಿಯಾಕೆ "ಅಕ್ಕಾ, ಕಣ್ಣು ಮೇಲಕ್ಕೆ ಹೋಗ್ತಿದೆ, ಓಡಿ" ಅಂದಳು. ಅಂಗಡಿಯ ಬಾಗಿಲು ಹಾಗೇ ಬಿಟ್ಟು ಓಡಿದೆ. ದಾರಿಯಲ್ಲಿ ವಕೀಲರು ಅಡ್ಡಬಂದು ಕೋಟು ಕೇಳಿದರು. ಏನಂದೆ ಎಂದು ನೆನಪಿಲ್ಲ, ಅವರಿಗೆ ಮಾತ್ರ ಚೆನ್ನಾಗಿ ನೆನಪಿದೆಯಂತೆ.

ಡಾಕ್ಟರಮ್ಮ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಬೈಗುಳದಲ್ಲಿ ನನಗಿಂತ ಹಿರಿಯರು. ಕೊಳವೆ ಹಾಕಿ, ತುಂಬಿದ್ದನ್ನೆಲ್ಲ ಹೊರಗೆ ತೆಗೆದು, ಕೈ ಒರೆಸಿಕೊಳ್ಳುತ್ತ ಬಂದರು.

"ಎಷ್ಟು ದಿನದಿಂದ ಉಚ್ಚೆ ಮಾಡಿಲ್ಲ?"

ಗೊತ್ತಿಲ್ಲ ಅಂದೆ.

"ಟಬ್ಬು ನೋಡಲ್ವಾ? ಏನು ಹಾಕ್ತೀರ ಅದಕ್ಕೆ?"

ನಾನು ಸ್ವಲ್ಪ ಎದೆಯುಬ್ಬಿಸಿಯೇ ಹೇಳಿದೆ, ಇವರೇ. ಗುಲಾಬಿಯದು, ಎಲ್ಲಕ್ಕಿಂತ ಒಳ್ಳೆಯದು, ಮೇಲೆ ಸೆಂಟಿನ ನೀರು ಬೇರೆ. ಅವರು ನನ್ನನ್ನು ನೋಡಿದ ನೋಟ, ಕಾಲರಿಗೆ ಹತ್ತಿದ ಕಲೆಯನ್ನು ನಾನು ನೋಡುವ ನೋಟ.

"ಪರಿಮಳ ನಿಮಗೋಸ್ಕರ ಅಮ್ಮಾ, ಅದಕ್ಕೋಸ್ಕರ ಅಲ್ಲ. ನಿಮ್ಮ ಮುಖಕ್ಕೆ ಸೆಂಟಿನ ಬಾಟ್ಲಿ ಸುರಿದು, ಈಗ ಇಲ್ಲೇ ಕೂತ್ಕೊಂಡು ಕೆಲ್ಸ ಮುಗಿಸಿ ಅಂದ್ರೆ ಮುಗಿಸ್ತೀರಾ? ಅದು ತಡ್ಕೊಳ್ಳುತ್ತೆ. ತಡ್ಕೊಂಡು ತಡ್ಕೊಂಡು ಹೀಗಾಗುತ್ತೆ."

ಮಣ್ಣೊಂದೇ ಕಾರಣ ಎಂದು ಅವರು ಹೇಳಲಿಲ್ಲ, ಅದನ್ನೂ ಬರೆಯಬೇಕು. ಗಂಡು ಬೆಕ್ಕಿಗೆ ಆ ದಾರಿಯೇ ಸಣ್ಣದಂತೆ. ನೀರು ಕುಡಿಯುವುದು ಕಡಿಮೆ, ಬರೀ ಒಣ ಊಟ, ಅದರ ಮೇಲೆ ಗಾಬರಿ. ಗಾಬರಿ ಯಾತಕ್ಕೆ ಎಂದು ಕೇಳಿದರು. ತಿಂಗಳಿಗೊಂದು ಮನೆ, ಮನೆಗೊಂದು ಥರದ ಟಬ್ಬು ಎಂದು ಹೇಳಿದೆ. "ಜಗಳ ಆಡಿದ್ದು ನೀವು, ತಡ್ಕೊಂಡಿದ್ದು ಅದು" ಅಂದುಬಿಟ್ಟರು. ಆಗ ನನಗೆ ಅಳು ಬಂತು. ಅಂಗಡಿಯಿಂದ ಸುದ್ದಿ ತಿಳಿದು ಬಂದಿದ್ದ ಅಕ್ಕ ನೋಡಿದರು. ನಾನೇ ನಿಮಗೆ ಬರೆಯುವವರೆಗೆ ಬಾಯಿ ಬಿಡಬಾರದು ಎಂದು ಆಣೆ ಹಾಕಿಸಿದ್ದೇನೆ, ಆಮೇಲೆ ಊರಿಗೆಲ್ಲ ಗೊತ್ತಾಗುತ್ತದೆ.

ನಿಮ್ಮ ಕಾಗದದ ಬಗ್ಗೆಯೂ ಕೇಳಿದೆ. ಬೈಸಿಕೊಳ್ಳಲು ಒಬ್ಬ ಜೊತೆಗಾರ ಬೇಕಿತ್ತು. ಅಂಥ ಅಪಾಯವೇನಿಲ್ಲ, ಆದರೆ ಶಾಯಿಯ ವಾಸನೆ, ಮೇಲಾಗಿ ಎಷ್ಟು ಹೊಯ್ದ ಎಂಬುದೇ ಕಾಣುವುದಿಲ್ಲ ಅಂದರು. ಆಮೇಲೆ ಈ ಬೆಂಚಿನ ಮೇಲೆ ಕೂತು ಯೋಚಿಸಿದೆ. ನಿಮ್ಮ ಕಾಗದ ಎಲ್ಲವನ್ನೂ ಹೀರಿಕೊಂಡು ಮುಚ್ಚಿಟ್ಟಿತು. ನನ್ನ ಗುಲಾಬಿ ಎಲ್ಲದರ ಮೇಲೂ ಹೊದಿಕೆ ಹಾಕಿ ಮುಚ್ಚಿಟ್ಟಿತು. ಒಬ್ಬರಿಗೂ ಏನೂ ಕಾಣಲಿಲ್ಲ. ನಾವು ಸಂಸಾರ ಮಾಡಿದ್ದೂ ಹಾಗೆಯೇ ಅಲ್ಲವೇ? ನೀವು ಒಳಗೇ ಇಂಗಿಸಿಕೊಂಡು ಕೂತಿರಿ, ನಾನು ಮಾತಿನ ಸೆಂಟು ಹೊಡೆದೆ. "ನಿನ್ ಹತ್ರ ಮಾತಾಡಿದ್ರೆ ಬಿಲ್ ಹಾಕಿಸ್ಕೊಂಡಂಗೆ ಇರುತ್ತೆ ಕಣೇ" ಎಂದು ಹೊರಟುಹೋದಿರಲ್ಲ, ಆ ಮಾತಿನ ಮೇಲೂ ಒಂದು ನಗು ಹೊದಿಸಿ ಅಂಗಡಿ ತೆರೆದಿದ್ದೆ.

ಇರಲಿ. ನಿನ್ನೆ ಮಣ್ಣು ತರಲು ಹೋದೆ.

ಸಾಕುಪ್ರಾಣಿ ಅಂಗಡಿಯವನು ನನ್ನನ್ನು ಕಂಡ ತಕ್ಷಣ ಗುಲಾಬಿ ಚೀಲಕ್ಕೆ ಕೈ ಹಾಕಿದ. ಬೇಡ ಅಂದೆ. "ಅಮ್ಮಾ, ಹೊಸದಾಗಿ ನಿಂಬೆಹಣ್ಣಿಂದು ಬಂದಿದೆ" ಅಂದ. ನಿಂಬೆಹಣ್ಣು ನೀನೇ ಮೂಸು, ನನಗೆ ಏನೂ ವಾಸನೆ ಇಲ್ಲದ್ದು ಕೊಡು ಅಂದೆ. ವಾಸನೆ ಇಲ್ಲದ್ದು ಕೆಳಗಿನ ಸಾಲಿನಲ್ಲಿತ್ತು, ಧೂಳು ಹಿಡಿದು. ಅದನ್ನು ಕೇಳುವವರೇ ಇಲ್ಲವಂತೆ, ಕೊಳ್ಳುವವರು ಮನುಷ್ಯರಾದ್ದರಿಂದ. ಮರದ ಉಂಡೆಯದು ತೋರಿಸಿದ, ಹರಳು ಹರಳಾಗಿ ಗಾಜಿನಂಥದ್ದು ತೋರಿಸಿದ. ಹರಳನ್ನು ಅಂಗೈಯಲ್ಲಿ ಒತ್ತಿದೆ, ಚುಚ್ಚಿತು. ಅವನ ಪಾದ ನನ್ನ ಅಂಗೈಗಿಂತ ಮೆತ್ತಗೆ. ಮರದ ಉಂಡೆ ದಪ್ಪ, ಕೆದರಲು ಬರುವುದಿಲ್ಲ. ಆಮೇಲೆ ವಾಸನೆಯಿಲ್ಲದ ಸಣ್ಣ ಕಾಳಿನದು ಎರಡು ಥರ ಇತ್ತು. ಎರಡನ್ನೂ ಒಂದೊಂದು ಹಿಡಿ ತೆಗೆದುಕೊಂಡು ಬಾಗಿಲಿಗೆ ಬಂದೆ. ಬಟ್ಟೆಯ ನವಿರು ಎಳೆ ಹಾರುವುದನ್ನು ಬಿಸಿಲಿಗೆ ಹಿಡಿದು ನೋಡಿದ ಕಣ್ಣು ನನ್ನದು. ಬಿಸಿಲಿನಲ್ಲಿ ಕೈ ಎತ್ತಿ ಮೇಲಿನಿಂದ ಸುರಿದೆ. ಮೊದಲನೆಯದು ಹೊಗೆಯ ಹಾಗೆ ಎದ್ದಿತು. ಎರಡನೆಯದು ಕಾಳು ಕಾಳಾಗಿ ನೇರ ಕೆಳಗೆ ಬಿತ್ತು, ಬಿಸಿಲು ಬಿಸಿಲಾಗಿಯೇ ಉಳಿಯಿತು. ಅಂಗಡಿಯವನು ನೆಲ ನೋಡಿ "ಅಮ್ಮಾ, ಗುಡಿಸೋರು ಯಾರು?" ಅಂದ. ಪೊರಕೆ ತಗೊಂಡು ನಾನೇ ಗುಡಿಸಿದೆ. ಒದ್ದೆ ಮಾಡಿದರೆ ಅದು ಗಟ್ಟಿ ಉಂಡೆ ಕಟ್ಟುತ್ತದೆ, ಎಷ್ಟು ಹೊಯ್ದ ಎಂದು ಕಣ್ಣಿಗೆ ಕಾಣುತ್ತದೆ. ಕೇಳಿದಷ್ಟು ಕೊಟ್ಟು ತಂದೆ. ಚೌಕಾಸಿ ಮಾಡಲಿಲ್ಲ. ಅವನೇ ಗಾಬರಿಯಾಗಿ "ಹುಷಾರಾಗಿದೀರಾ ಅಮ್ಮಾ?" ಎಂದು ಕೇಳಿದ.

ಆ ಚೀಲವನ್ನು ಬುಟ್ಟಿಯ ಜೊತೆ ಕಳಿಸುತ್ತಿದ್ದೇನೆ. ಅಕ್ಕನಿಗೆ ಭಾರ, ಕೆಳಗೆ ಬಂದು ಇಳಿಸಿಕೊಳ್ಳಿ.

ಹೌದು, ನಿಮ್ಮ ಮನೆಗೇ.

ಡಾಕ್ಟರಮ್ಮ ಹೇಳಿದ್ದು ಇಷ್ಟು: ಉಳಿದರೆ ಒಂದೇ ಮನೆ, ಒಂದೇ ಮಣ್ಣು. ಬುಟ್ಟಿ ಹತ್ತಿಸಿ ಓಡಾಡಿಸಿದರೆ ಮತ್ತೆ ಕಟ್ಟಿಕೊಳ್ಳಬಹುದು, ಎರಡನೆಯ ಸಲ ನನ್ನ ಹತ್ರ ತರಬೇಡಿ. "ಯಾರ ಮನೇಲಿ ಗಲಾಟೆ ಕಡಿಮೆ?" ಎಂದು ಕೇಳಿದರು. ನಾನು ಕಣ್ಣು ಮಿಟುಕಿಸದೆ "ನಮ್ಮನೇಲಿ" ಅಂದೆ. ಅಂದು ಮನೆಗೆ ಹೋಗಿ, ಅವನ ಟಬ್ಬಿನ ಪಕ್ಕ ನೆಲದ ಮೇಲೆ ಕೂತೆ. ಇಷ್ಟು ವರ್ಷದಿಂದ ಆ ಮನೆಯಲ್ಲಿದ್ದೇನೆ, ಅವನ ಎತ್ತರದಲ್ಲಿ ಒಂದು ಸಲವೂ ಕೂತಿರಲಿಲ್ಲ. ಕೆಳಗಿನ ಅಂಗಡಿಯ ಮಿಷನ್ನು ತಿರುಗಿದಾಗಲೆಲ್ಲ ನೆಲ ನಡುಗುತ್ತದೆ. ಟಬ್ಬೂ ನಡುಗುತ್ತದೆ. ಮೆಟ್ಟಿಲಿನಿಂದ ಹಬೆ, ಸೋಪಿನ ಪುಡಿ, ಬ್ಲೀಚು, ಸೆಂಟು ಎಲ್ಲ ಸಾಲಾಗಿ ಮೇಲೆ ಬರುತ್ತವೆ. ನನ್ನ ಕಣ್ಣಲ್ಲೇ ನೀರು ಬಂತು. ನಿಮ್ಮ ಕೋಣೆ ಮೂರನೆಯ ಮಹಡಿಯಲ್ಲಿ, ಪ್ರೆಸ್ಸಿನಿಂದ ಎರಡು ಬೀದಿ ಆಚೆ. ಅಲ್ಲಿ ಇರುವ ಶಬ್ದವೆಂದರೆ ನೀವು ಪುಟ ತಿರುಗಿಸುವುದು. ಇವತ್ತು ಬೆಳಿಗ್ಗೆ ಬಂದು ಡಾಕ್ಟರಮ್ಮನಿಗೆ ನಾನು ಹೇಳಿದ್ದು ಸುಳ್ಳು, ನಿಮ್ಮ ಆ ಕೋಣೆಯೇ ಅವನಿಗೆ ಸರಿ ಎಂದು ಹೇಳಿಬಿಟ್ಟೆ. ಅದಕ್ಕೇ ಭುಜ ಮುಟ್ಟಿದ್ದೂ ಇರಬಹುದು.

ಹಾಗಾಗಿ ಮ್ಯಾನೇಜರ್ ಇನ್ನು ನಿಮ್ಮವನು, ಉಳಿದರೆ. ತಿಂಗಳಿಗೊಮ್ಮೆ ಅಲ್ಲ, ಪೂರ್ತಿ. ಇದಕ್ಕೆ ಬದಲಾಗಿ ಏನೂ ಕೇಳುವುದಿಲ್ಲ, ಒಂದೇ ಒಂದು ಬೇಡಿಕೊಳ್ಳುತ್ತೇನೆ. ಕಾಗದ ಬಿಟ್ಟುಬಿಡಿ. ನಾನು ಹೇಳಿದ್ದಕ್ಕೆ ಬಿಡಬೇಡಿ, ನಾನು ಹೇಳಿದ್ದಕ್ಕೆ ನೀವು ಬಿಡುವವರೂ ಅಲ್ಲ. ಅವನಿಗೋಸ್ಕರ ಬಿಡಿ. ಕೈ ಮುಗಿಯುತ್ತೇನೆ. ಹಟ ಬೇಡ ಇವರೇ, ಈ ಒಂದು ವಿಷಯದಲ್ಲಿ.

ಟಬ್ಬು ದೊಡ್ಡದಿರಲಿ, ಅವನು ಒಂದು ಸುತ್ತು ತಿರುಗುವಷ್ಟು. ಮುಚ್ಚಳದ್ದು ಬೇಡ. ಊಟದ ತಟ್ಟೆ ಇರುವ ಮೂಲೆಯಲ್ಲಿ ಬೇಡ, ಕಿಟಕಿಯ ಕೆಳಗೆ ನಿಮ್ಮ ಪುಸ್ತಕದ ಪೆಟ್ಟಿಗೆ ಇದೆಯಂತಲ್ಲ, ಅಕ್ಕ ಹೇಳಿದರು, ಅದನ್ನು ಸರಿಸಿ ಅಲ್ಲಿಡಿ. ಮಣ್ಣು ನಾಲ್ಕು ಬೆರಳು ಆಳ ಹಾಕಿ, ಜಿಪುಣತನ ಮಾಡಬೇಡಿ. ಜಿಪುಣತನದ ಮಾತು ನಾನು ಹೇಳುತ್ತಿದ್ದೇನೆ, ನಕ್ಕುಬಿಡಿ. ಬೆಳಿಗ್ಗೆ ಸಂಜೆ ಉಂಡೆಗಳನ್ನು ತೆಗೆಯಿರಿ, ತೆಗೆಯುವಾಗ ನೋಡಿ. ಟಬ್ಬು ತೊಳೆಯಲು ಬಿಸಿನೀರು, ಸಾದಾ ಸೋಪು ಸಾಕು. ನೀರಿನ ಬಟ್ಟಲು ಎರಡು ಕಡೆ ಇಡಿ. ಊಟ ಒದ್ದೆಯದೇ ಕೊಡಿ, ಹೆಸರನ್ನು ನರ್ಸಮ್ಮ ಬೇರೆ ಚೀಟಿಯಲ್ಲಿ ಬರೆದು ಕೊಡುತ್ತಾರೆ. ಉಂಡೆ ಸಣ್ಣದಾದರೆ, ಅವನು ಹತ್ತಿ ಇಳಿದು ಹತ್ತಿ ಇಳಿದು ಮಾಡಿದರೆ, ನಿಂತ ಕಾಲಿನಲ್ಲಿ ಇಲ್ಲಿಗೆ ತನ್ನಿ. ಬುಟ್ಟಿಯಲ್ಲಿ ಚೀಟಿ ಬರೆಯುತ್ತ ಕೂರಬೇಡಿ. ನನಗೆ ಫೋನ್ ಮಾಡಿ. ಕಾನೂನು ಮುರಿದರೂ ಪರವಾಗಿಲ್ಲ, ಮುರಿಯುವುದು ನನಗೆ ಅಭ್ಯಾಸವಿದೆ.

ನರ್ಸಮ್ಮ ಬಂದು ಕರೆಯುತ್ತಿದ್ದಾರೆ. ಬುಧವಾರ ಇದೇ ನರ್ಸಮ್ಮ, ಗೂಡಿನಲ್ಲಿ ಹಾಸಲು ಮನೆಯ ವಾಸನೆ ಇರುವ ಬಟ್ಟೆ ಯಾವುದಾದರೂ ತನ್ನಿ, ಸೆಂಟು ಗಿಂಟು ಇರಬಾರದು ಅಂದಿದ್ದರು. ಲಾಂಡ್ರಿಯವಳ ಮನೆಯಲ್ಲಿ ಸೆಂಟಿಲ್ಲದ ಬಟ್ಟೆ ಎಲ್ಲಿಂದ ಬರಬೇಕು? ಹಾಸಿಗೆ, ಟವೆಲ್ಲು, ನನ್ನ ಮೈಮೇಲಿನದು ಎಲ್ಲ ಗುಲಾಬಿಯೇ. ಹುಡುಕಿ ಏನೋ ಒಂದು ತಂದುಕೊಟ್ಟೆ. ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ.

ಕೊಳವೆ ತೆಗೆಯುತ್ತಾರಂತೆ. ಈ ಸಾಲನ್ನು ನಿಂತೇ ಗೀಚುತ್ತಿದ್ದೇನೆ, ಅಕ್ಷರ ನೋಡಿದರೇ ಗೊತ್ತಾಗುತ್ತದೆ. ನೀವು ಪ್ರೂಫು ತಿದ್ದುವವರು, ಇದೊಂದನ್ನು ತಿದ್ದಬೇಡಿ.

ನೀವು ಲೆಕ್ಕದಮ್ಮ ಎಂದು ಕರೆಯುತ್ತಿದ್ದವಳು

ಮರೆತ ಮಾತು: ಬಿಸಿಲು ಇಳಿದಿದೆ. ಅಕ್ಕ ಮೂರು ಸಲ "ಹೋಗ್ಲಾ?" ಎಂದು ಕೇಳಿ ಹೋಗದೆ ಇದ್ದಾರೆ. ಕೊಳವೆ ತೆಗೆದ ಮೇಲೆ ತುಂಬಾ ಹೊತ್ತು ಅವನು ಮಲಗಿದಲ್ಲಿಂದ ಏಳಲಿಲ್ಲ. ನಾನು ತಂದ ಮಣ್ಣಿನ ಚೀಲ ಬಿಚ್ಚಿ ನರ್ಸಮ್ಮ ಒಂದಿಷ್ಟನ್ನು ಟಬ್ಬಿಗೆ ಹಾಕಿ ಒಳಗಿಟ್ಟಿದ್ದರು. ಅವನು ಅದನ್ನು ನೋಡಿದ. ಆಮೇಲೆ ಗೋಡೆ ನೋಡಿದ. ನಾನು ಗೂಡಿನ ಮುಂದೆ ಕೂತು ಸತ್ತೆ, ಬದುಕಿದೆ, ಸತ್ತೆ. ಎದ್ದ. ತೂರಾಡಿಕೊಂಡು ಹೋಗಿ ಮೂಸಿದ. ಒಂದು ಕಾಲಿಟ್ಟ. ಕೆದರಿದ. ಅವನು ಕೆದರುವುದನ್ನು ನಾನು ನೋಡಿ ಎಷ್ಟು ಕಾಲವಾಯಿತು ಇವರೇ! ನಮ್ಮ ಮನೆಯಲ್ಲಿ ಹತ್ತಿದ್ದೇ ಪಂಜ ಕೊಡವಿ ಹಾರಿಬಿಡುತ್ತಿದ್ದ, ಎಷ್ಟು ನಾಜೂಕು ಎಂದು ಗಿರಾಕಿಗಳಿಗೆ ಹೇಳುತ್ತಿದ್ದೆ. ಕೆದರಿ ಕೆದರಿ ಗುಂಡಿ ಮಾಡಿ, ಕೂತು, ಕಣ್ಣು ಅರ್ಧ ಮುಚ್ಚಿದ. ಡಾಕ್ಟರಮ್ಮ ಉಂಡೆ ಎತ್ತಿ ತೋರಿಸಿದರು, ಕಿತ್ತಳೆಹಣ್ಣಿನಷ್ಟಿತ್ತು. ಇನ್ನೆರಡು ದಿನ ಇಲ್ಲೇ ಇರಬೇಕಂತೆ, ಗಂಡಾಂತರ ಪೂರ್ತಿ ಕಳೆದಿಲ್ಲವಂತೆ. ಭಾನುವಾರ ನೀವೇ ಬಂದು ಕರೆದುಕೊಂಡು ಹೋಗಿ. ನೀವು ಬರುವ ಹೊತ್ತಿಗೆ ನಾನು ಇರುವುದಿಲ್ಲ. ಹೇಳಿದ್ದೆನಲ್ಲ, ನಾಲಿಗೆ ಆಗಲೇ ಎದ್ದು ಕೂತು, ಅರ್ಧ ತಿಂಗಳಾದರೂ ಕೇಳು, ಕೇಳು ಅನ್ನುತ್ತಿದೆ. ಕೇಳುವುದಿಲ್ಲ.

ಗೂಡಿನಲ್ಲಿ ಹಾಸಿದ್ದ ಬಟ್ಟೆಯನ್ನು ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟಿದ್ದಾರೆ. ಕೊಳವೆಯಿಂದ ಸೋರಿ ಪೂರ್ತಿ ಹಾಳಾಗಿದೆ, ಬಿಸಿನೀರಲ್ಲಿ ಒಗೆಯದೆ ಮನೆಯೊಳಗೆ ತಗೊಂಡು ಹೋಗಬೇಡಿ ಅಂದರು. ಅದು ನಿಮ್ಮ ಬೂದು ಸ್ವೆಟರು. ನೀವು ಕೇಳಿದಾಗ ಇಸ್ತ್ರಿಯಲ್ಲಿ ಸುಟ್ಟುಹೋಯಿತು ಎಂದು ಬರೆದಿದ್ದೆನಲ್ಲ, ಸುಟ್ಟಿರಲಿಲ್ಲ. ಬೀರುವಿನಲ್ಲಿತ್ತು. ನೀವು ಬಿಟ್ಟುಹೋದ ದಿನದಿಂದ ನನ್ನ ಮನೆಯಲ್ಲಿ ಒಗೆಯದೆ ಇಟ್ಟಿದ್ದ ಬಟ್ಟೆ ಅದೊಂದೇ.

ಇನ್ನು ಲೆಕ್ಕ ಮುಗಿಸುತ್ತೇನೆ. ಮ್ಯಾನೇಜರ್‌ಗೆ ಒಂದು ಮನೆ ಮತ್ತು ವಾಸನೆಯಿಲ್ಲದ ಮಣ್ಣು. ನಿಮಗೆ ಮ್ಯಾನೇಜರ್. ಅಕ್ಕನಿಗೆ ಭಾನುವಾರದ ಬಿಡುವು. ಎದುರು ಬೀದಿಯ ಲಾಂಡ್ರಿಗೆ ವಕೀಲರು. ನನಗೆ ಒಗೆಯಬೇಕಾದ ಒಂದು ಸ್ವೆಟರು.